ಒಂದು ಚೊಂಬು ನೀರಿನ ಲೆಕ್ಕ

2023ರ ಫೆಬ್ರವರಿ ತಿಂಗಳ ಒಂದು ರಾತ್ರಿ. ಇಶಾ ನಮಾಝ್ ಮುಗಿಸಿ ಅಡುಗೆ ಮನೆಯ ಪಾತ್ರೆಗಳನ್ನು ಜೋಡಿಸುತ್ತಿದ್ದೆ. ಊಟಕ್ಕೆ ಕರೆದರೂ ತಮ್ಮನ ಮಗಳು ಕೋಣೆಯಿಂದ ಹೊರಬರಲಿಲ್ಲ. ಒಳಗೆ ಹೋಗಿ ನೋಡಿದರೆ ಮಂಚದ ಮೇಲೆ ಮುಖ ಮುಚ್ಚಿಕೊಂಡು ಕುಳಿತಿದ್ದಳು. ಎದುರಿಗೆ ಕಾಲೇಜಿನ ಕಿರು ಪರೀಕ್ಷೆಯ ಉತ್ತರ ಪತ್ರಿಕೆ. ರಸಾಯನಶಾಸ್ತ್ರದ ಲೆಕ್ಕವೊಂದಕ್ಕೆ ಕೆಂಪು ಶಾಯಿಯಲ್ಲಿ ದೊಡ್ಡದೊಂದು ಸೊನ್ನೆ ಬಿದ್ದಿತ್ತು.

"ಫುಪ್ಪು, ನಾನು ಕಾಲೇಜು ಬಿಟ್ಟುಬಿಡ್ತೀನಿ. ಅಬ್ಬಾಗೆ ನೀವೇ ಹೇಳಿ. ಈ ಮೋಲ್ ಲೆಕ್ಕ ನನ್ನ ತಲೆಗೆ ಹೋಗಲ್ಲ" ಎಂದಳು.

ಅವಳ ತಂದೆ, ಅಂದರೆ ನನ್ನ ತಮ್ಮ, ಹೊಳಲ್ಕೆರೆಯಲ್ಲಿ ಗಾರೆ ಕೆಲಸ ಮಾಡುತ್ತಾನೆ. ಅವನಿಗಿರುವುದು ಒಂದೇ ಕಣ್ಣಿನ ದೃಷ್ಟಿ. ಇಪ್ಪತ್ತು ವರ್ಷಗಳಿಂದ ಬೇರೆಯವರ ಮನೆಗಳಿಗೆ ಗೋಡೆ ಎಬ್ಬಿಸುತ್ತಾ ಬಂದವನಿಗೆ ಒಂದೇ ಆಸೆ. ತಾನು ನಕ್ಷೆ ಹಿಡಿದು ನಿಂತವರ ಮಾತು ಕೇಳಿದ್ದು ಸಾಕು, ತನ್ನ ಮಗಳು ನಕ್ಷೆ ಬರೆಯುವವಳಾಗಬೇಕು. ನೆಂಟರಿಷ್ಟರು "ಹೆಣ್ಣು ಹುಡುಗಿಗೆ ಸಿಮೆಂಟು ಕಬ್ಬಿಣದ ಓದು ಯಾಕಪ್ಪ, ಟೀಚರ್ ಕೋರ್ಸ್ ಮಾಡಿಸು" ಎಂದರು. ಅವನು ಕೇಳಲಿಲ್ಲ. ಸಿವಿಲ್ ಎಂಜಿನಿಯರಿಂಗ್‌ಗೆ ಸೇರಿಸಿ, ಚಿತ್ರದುರ್ಗದ ನನ್ನ ಮನೆಯಲ್ಲಿ ಬಿಟ್ಟು ಹೋದ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ. ಪಿಯುಸಿಯಲ್ಲಿ ಇಂಗ್ಲಿಷ್‌ನಲ್ಲಿದ್ದ ರಸಾಯನಶಾಸ್ತ್ರವನ್ನು ಉರು ಹೊಡೆದೇ ದಾಟಿದ್ದಳು. ಉರು ಹೊಡೆದದ್ದು ಎಷ್ಟು ದೂರ ಬಂದೀತು?

ನಾನಾದರೋ ಮದ್ರಸದಲ್ಲಿ ಕಲಿತು, ಆಮೇಲೆ ಹೊರಗಿನಿಂದ ಪರೀಕ್ಷೆ ಕಟ್ಟಿ ಬಿ.ಎ. ಮಾಡಿಕೊಂಡವಳು. ಮಕ್ಕಳಿಗೆ ಅರಬಿ, ಕನ್ನಡ ಹೇಳಿಕೊಡುವುದು ನನ್ನ ಕೆಲಸ. ವಿಜ್ಞಾನದ ಪುಸ್ತಕ ಮುಟ್ಟಿ ಮೂವತ್ತು ವರ್ಷಗಳಾಗಿದ್ದವು. ಆದರೂ ಆ ಹುಡುಗಿಯ ಮುಖ ನೋಡಿ ಸುಮ್ಮನಿರಲಾಗಲಿಲ್ಲ. "ಮೊದಲು ಊಟ ಮಾಡು. ಆಮೇಲೆ ಆ ಪ್ರಶ್ನೆಯನ್ನು ನನಗೆ ಕನ್ನಡದಲ್ಲಿ ಹೇಳು" ಎಂದೆ.

ಪ್ರಶ್ನೆ ಹೀಗಿತ್ತು: ಒಂದು ಕಿಲೋ ಸುಣ್ಣದ ಕಲ್ಲು ಇದೆ. ಅದರಲ್ಲಿ ಶೇ. 90ರಷ್ಟು ಶುದ್ಧ. ಅದನ್ನು ಚೆನ್ನಾಗಿ ಸುಟ್ಟರೆ ಎಷ್ಟು ಸುಟ್ಟ ಸುಣ್ಣ ಸಿಗುತ್ತದೆ? ಆ ಸುಣ್ಣವನ್ನು ಅರಳಿಸಲು ಎಷ್ಟು ನೀರು ಬೇಕು?

ಅವಳು ಬರೆದ ಉತ್ತರ: ಕಲ್ಲು ಒಡೆದು ಎರಡು ಪದಾರ್ಥವಾಗುತ್ತದೆ, ಆದ್ದರಿಂದ ಅರ್ಧ ಕಿಲೋ ಸುಣ್ಣ, ಅರ್ಧ ಕಿಲೋ ಅನಿಲ. ಸುಣ್ಣ ಒಂದಕ್ಕೆ ನೀರು ಒಂದು, ಆದ್ದರಿಂದ ಅರ್ಧ ಕಿಲೋ ಸುಣ್ಣಕ್ಕೆ ಅರ್ಧ ಕಿಲೋ ನೀರು.

ನನಗೆ ಅದು ಸರಿಯಾದ ಉತ್ತರವೆಂದೇ ಕಂಡಿತು! ಒಂದಕ್ಕೆ ಒಂದು ಎಂದು ಪುಸ್ತಕದಲ್ಲೇ ಬರೆದಿದೆಯಲ್ಲ? ತಪ್ಪು ಎಲ್ಲಿದೆ? ಇಬ್ಬರೂ ಪುಸ್ತಕ ಹಿಡಿದು ಕುಳಿತೆವು.

ಅರ್ಧ ಗಂಟೆ ಕಳೆದ ಮೇಲೆ ತಪ್ಪಿನ ಬುಡ ಸಿಕ್ಕಿತು. ಪುಸ್ತಕದ 'ಒಂದು' ಎಂಬುದು ಒಂದು ಕಿಲೋ ಅಲ್ಲ, ಒಂದು ಗ್ರಾಂ ಕೂಡ ಅಲ್ಲ. ಅದು ಎಣಿಕೆಯ ಒಂದು. ಸುಣ್ಣದ ಒಂದು ಕಣಕ್ಕೆ ನೀರಿನ ಒಂದು ಕಣ ಎಂದರ್ಥ. ಎರಡು ಕಣಗಳ ತೂಕ ಒಂದೇ ಆಗಿರಬೇಕೆಂದು ಯಾರು ಹೇಳಿದರು?

ಅವಳಿಗೆ ಬಳೆಯ ಉದಾಹರಣೆ ಕೊಟ್ಟೆ. ನಮ್ಮ ತವರಿನ ಹೊಸದುರ್ಗ ತಾಲೂಕಿನಲ್ಲಿ ಮತ್ತೋಡು ಎಂಬ ಊರಿದೆ. ಹಿಂದಿನ ಕಾಲದಲ್ಲಿ ಗಾಜಿನ ಬಳೆಗೆ ಹೆಸರಾಗಿದ್ದ ಊರು. "ಬಳೆಗಾರನ ಹತ್ತಿರ ಒಂದು ಡಜನ್ ಮಗುವಿನ ಬಳೆ, ಒಂದು ಡಜನ್ ನನ್ನ ಅಳತೆಯ ಬಳೆ ಕೇಳಿದರೆ ಎರಡರಲ್ಲೂ ಎಷ್ಟು ಬಳೆ ಇರುತ್ತವೆ?" ಎಂದೆ. "ಹನ್ನೆರಡು" ಎಂದಳು. "ತೂಕ?" "ಬೇರೆ ಬೇರೆ."

"ಮೋಲ್ ಎಂದರೂ ಅಷ್ಟೇ. ಅದು ಡಜನ್ ಇದ್ದ ಹಾಗೆ ಒಂದು ಎಣಿಕೆಯ ಹೆಸರು" ಎಂದೆ. ಆದರೆ ಕಣಗಳು ಕಣ್ಣಿಗೆ ಕಾಣದಷ್ಟು ಚಿಕ್ಕವು. ಹನ್ನೆರಡರ ಲೆಕ್ಕ ಅಲ್ಲಿ ನಡೆಯದು. ಆದ್ದರಿಂದ ವಿಜ್ಞಾನಿಗಳು ಬಹಳ ದೊಡ್ಡ ಸಂಖ್ಯೆಯನ್ನು ಇಟ್ಟುಕೊಂಡಿದ್ದಾರೆ. 6 ಬರೆದು ಅದರ ಮುಂದೆ 23 ಸೊನ್ನೆ ಹಾಕಿದರೆ ಹೆಚ್ಚು ಕಡಿಮೆ ಆ ಸಂಖ್ಯೆ ಬರುತ್ತದೆ. ಅಷ್ಟು ಕಣಗಳು ಸೇರಿದರೆ ಒಂದು ಮೋಲ್. ಎಣಿಸಲು ಯಾರಿಂದಲೂ ಸಾಧ್ಯವಿಲ್ಲ, ಆದರೆ ತೂಗಬಹುದು. ಒಂದು ಮೋಲ್ ಇಂಗಾಲ 12 ಗ್ರಾಂ, ಆಮ್ಲಜನಕದ ಪರಮಾಣುಗಳಾದರೆ 16 ಗ್ರಾಂ, ಕ್ಯಾಲ್ಸಿಯಂ 40 ಗ್ರಾಂ. ಬಳೆ ಚಿಕ್ಕದಾದರೆ ಡಜನ್ನಿನ ತೂಕ ಕಡಿಮೆ, ದೊಡ್ಡದಾದರೆ ಹೆಚ್ಚು. ಇದೆಲ್ಲ ಪುಸ್ತಕದಲ್ಲೇ ಇತ್ತು. ನಾವು ಅದನ್ನು ಬಳೆಯ ಭಾಷೆಗೆ ತಂದುಕೊಂಡೆವು, ಅಷ್ಟೇ.

ಸುಣ್ಣದ ಕಲ್ಲು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಅದರಲ್ಲಿ ಒಂದು ಪಾಲು ಕ್ಯಾಲ್ಸಿಯಂ, ಒಂದು ಪಾಲು ಇಂಗಾಲ, ಮೂರು ಪಾಲು ಆಮ್ಲಜನಕ. ಕೂಡಿದರೆ 40, 12 ಮತ್ತು 48, ಒಟ್ಟು ಸರಿಯಾಗಿ 100 ಗ್ರಾಂ. ಅದನ್ನು ಭಟ್ಟಿಯಲ್ಲಿ ಸುಟ್ಟಾಗ ಇಂಗಾಲದ ಡೈ ಆಕ್ಸೈಡ್ ಹಾರಿಹೋಗುತ್ತದೆ. ಅದರ ತೂಕ 44. ಉಳಿಯುವ ಸುಟ್ಟ ಸುಣ್ಣ 56. ಅರ್ಧಕ್ಕರ್ಧ ಅಲ್ಲ! ಆ ಸುಟ್ಟ ಸುಣ್ಣದ 56 ಗ್ರಾಂ ಅರಳಲು ನೀರು ಎಷ್ಟು? ಒಂದು ಮೋಲ್ ನೀರು, ಅಂದರೆ ಕೇವಲ 18 ಗ್ರಾಂ. ಎರಡೂ ಸೇರಿ 74 ಗ್ರಾಂ ಅರಳಿದ ಸುಣ್ಣ.

ಈಗ ಪ್ರಶ್ನೆಗೆ ಬನ್ನಿ. ಒಂದು ಕಿಲೋದಲ್ಲಿ ಶುದ್ಧವಾದದ್ದು 900 ಗ್ರಾಂ. ಅಂದರೆ ಒಂಬತ್ತು ಮೋಲ್. ಒಂಬತ್ತನ್ನು 56ರಿಂದ ಗುಣಿಸಿದರೆ 504 ಗ್ರಾಂ ಸುಣ್ಣ. ಒಂಬತ್ತನ್ನು 18ರಿಂದ ಗುಣಿಸಿದರೆ 162 ಗ್ರಾಂ ನೀರು. ಅವಳು ಬರೆದದ್ದು ಅರ್ಧ ಕಿಲೋ ನೀರು. ಅಗತ್ಯಕ್ಕಿಂತ ಮೂರು ಪಟ್ಟು ಹೆಚ್ಚು.

ಇದನ್ನು ನೋಡುವಾಗ ಮದ್ರಸದಲ್ಲಿ ಮೀರಾಸಿನ ಲೆಕ್ಕ ಕಲಿತ ದಿನಗಳು ನೆನಪಾದವು. ಹೆಂಡತಿ ತೀರಿಕೊಂಡು ಗಂಡ, ಒಬ್ಬ ಮಗ, ಒಬ್ಬ ಮಗಳು ಉಳಿದರೆ ಆಸ್ತಿಯನ್ನು ನಾಲ್ಕು ಪಾಲು ಮಾಡಬೇಕು. ಗಂಡನಿಗೆ ಒಂದು, ಮಗನಿಗೆ ಎರಡು, ಮಗಳಿಗೆ ಒಂದು. ಆಸ್ತಿ ನಾಲ್ಕು ಸಾವಿರವಿರಲಿ, ನಾಲ್ಕು ಲಕ್ಷವಿರಲಿ, ಪಾಲು ಬದಲಾಗದು. ನಮ್ಮ ಉಸ್ತಾದರು "ಮೊದಲು ಪಾಲು ಕಟ್ಟಿ, ಆಮೇಲೆ ರೂಪಾಯಿ ಎಣಿಸಿ" ಎನ್ನುತ್ತಿದ್ದರು. ಹುಡುಗಿಗೂ ಅದನ್ನೇ ಹೇಳಿದೆ. ಮೊದಲು ಮೋಲ್ ಕಟ್ಟು, ಆಮೇಲೆ ಗ್ರಾಂ ಎಣಿಸು.

ಈ ವಿದ್ಯೆಗೆ ಸ್ಟಾಯ್ಕಿಯೊಮೆಟ್ರಿ ಎಂದು ಹೆಸರು. 1792ರಲ್ಲಿ ಜರ್ಮನಿಯ ರಿಕ್ಟರ್ ಎಂಬ ವಿಜ್ಞಾನಿ ಗ್ರೀಕ್ ಭಾಷೆಯಿಂದ ಕಟ್ಟಿದ ಪದ. ಮೂಲವಸ್ತುಗಳ ಅಳತೆ ಎಂದರ್ಥ. ಹೆಸರು ಕೇಳಿದರೇ ಹೆದರಿಕೆ. ಆದರೆ ಪುಸ್ತಕದಲ್ಲಿ ಪರಿಚಯದ ಮುಖಗಳೂ ಸಿಕ್ಕವು. ಕ್ಷಾರಕ್ಕೆ ಇಂಗ್ಲಿಷ್‌ನಲ್ಲಿ ಹೇಳುವ 'ಆಲ್ಕಲಿ' ನಮ್ಮ ಅರಬಿಯ 'ಅಲ್-ಕಲೀ' ಎಂಬುದರಿಂದ ಬಂದದ್ದು, ಗಿಡಗಳನ್ನು ಸುಟ್ಟ ಬೂದಿ ಎಂದರ್ಥ. ಸುಣ್ಣಕ್ಕೆ ಅರಬಿಯಲ್ಲಿ 'ಕಿಲ್ಸ್' ಎನ್ನುತ್ತಾರೆ, ಕ್ಯಾಲ್ಸಿಯಂ ಎಂಬ ಹೆಸರಿಗೆ ಎಷ್ಟು ಹತ್ತಿರ! "ನೋಡು, ನಿನ್ನ ಪುಸ್ತಕದಲ್ಲಿ ನನ್ನ ಪಾಠವೂ ಇದೆ" ಎಂದೆ. ಆ ರಾತ್ರಿ ಮೊದಲ ಸಲ ನಕ್ಕಳು.

ಆಮೇಲೆ ಅವಳು ಪುಸ್ತಕದ ಮುಂದಿನ ಸಾಲು ಓದಿದಳು. "ಫುಪ್ಪು, ಸುಣ್ಣ ಅರಳುವಾಗ ಶಾಖ ಹೊರಬರುತ್ತದಂತೆ. ಒಂದು ಮೋಲ್‌ಗೆ ಸುಮಾರು 65 ಕಿಲೋಜೂಲ್. ಅಂದರೆ 56 ಗ್ರಾಂ ಸುಣ್ಣದ ಶಾಖದಿಂದ ಒಂದು ಲೋಟ ನೀರನ್ನು ಕುದಿಯುವವರೆಗೆ ಕಾಯಿಸಬಹುದು."

ನಾನು ಎದ್ದು ಅಡುಗೆ ಮನೆಗೆ ಹೋದೆ. ನೀರು ಕುಡಿಯಲು ಎಂದು ಅವಳಿಗೆ ಹೇಳಿದೆ. ನಿಜ ಹೇಳಬೇಕೆಂದರೆ ಅವಳ ಮುಂದೆ ಕೂರಲು ಆಗಲಿಲ್ಲ.

ಸಹೋದರಿಯರೇ, ಇಪ್ಪತ್ತೊಂಬತ್ತು ವರ್ಷಗಳಿಂದ ಯಾರಿಗೂ ಹೇಳದ ಒಂದು ಮಾತನ್ನು ಇಲ್ಲಿ ಹೇಳಬೇಕಾಗಿದೆ.

1994ರ ಮಾರ್ಚ್ ತಿಂಗಳು, ರಂಝಾನಿನ ಕೊನೆಯ ದಿನಗಳು. ಹೊಸದುರ್ಗದ ನಮ್ಮ ಮನೆಯಲ್ಲಿ ಈದ್‌ಗೆ ಸುಣ್ಣ ಬಳಿಯುವ ತಯಾರಿ. ಆಗೆಲ್ಲ ಡಬ್ಬದ ಬಣ್ಣ ನಮ್ಮಂಥವರ ಮನೆಗೆ ಬರುತ್ತಿರಲಿಲ್ಲ. ಅಬ್ಬಾ ಐದು ಕಿಲೋ ಸುಟ್ಟ ಸುಣ್ಣದ ಹರಳು ತಂದು ಹಿತ್ತಲಿನಲ್ಲಿ ಹಳೆಯ ಮಡಕೆಗೆ ಸುರಿದಿದ್ದರು. "ಅಸರ್ ಆದ ಮೇಲೆ ಇದಕ್ಕೆ ನೀರು ಹಾಕಿಡು" ಎಂದು ಅಮ್ಮಿ ನನಗೆ ಹೇಳಿದರು. ನನಗಾಗ ಹದಿನೈದು ವರ್ಷ. ಕೈಯಲ್ಲಿ ಓದಲು ಎರವಲು ತಂದ ಕಾದಂಬರಿ ಇತ್ತು. ಸಂಜೆಯೊಳಗೆ ಮರಳಿಸಬೇಕಿತ್ತು. ಹನ್ನೊಂದು ವರ್ಷದ ತಮ್ಮನನ್ನು ಕರೆದು "ನೀನೇ ಒಂದು ಚೊಂಬು ನೀರು ಹಾಕಿಬಿಡೋ" ಎಂದೆ.

ಅವನು ಹಾಕಿದ. ಬುಸ್ ಎನ್ನುವ ಸದ್ದು ಕೇಳಿ ಮಕ್ಕಳಿಗಿರುವ ಕುತೂಹಲದಿಂದ ಬಗ್ಗಿ ನೋಡಿದ. ಮಡಕೆ ಒಡೆದು ಸುಣ್ಣ ಮೇಲಕ್ಕೆ ಚಿಮ್ಮಿತು.

ಅವನ ಕೂಗು ಈಗಲೂ ಕಿವಿಯಲ್ಲಿದೆ. ಮನೆ ತುಂಬ ಜನ ಸೇರಿದರು. ಒಬ್ಬರು ತುಪ್ಪ ಹಾಕಿ ಎಂದರು, ಇನ್ನೊಬ್ಬರು ಎದೆಹಾಲು ಬಿಡಿ ಎಂದರು. ನೀರು ಹಾಕಿದರೆ ಸುಣ್ಣ ಇನ್ನಷ್ಟು ಕಾಯುತ್ತದೆ, ನೀರು ಮುಟ್ಟಿಸಬೇಡಿ ಎಂದು ಹಿರಿಯರು ತಡೆದರು. ತುಪ್ಪ ಹಚ್ಚಿ ಬಟ್ಟೆ ಕಟ್ಟಿದರು. ಆಸ್ಪತ್ರೆಗೆ ಕರೆದೊಯ್ಯುವ ಹೊತ್ತಿಗೆ ಎರಡು ಗಂಟೆ ಕಳೆದಿತ್ತು. ಒಂದು ಕಣ್ಣು ಉಳಿಯಿತು, ಇನ್ನೊಂದು ಉಳಿಯಲಿಲ್ಲ.

ಯಾರದೋ ನಝರ್ ಬಿತ್ತು ಎಂದು ಅಕ್ಕಪಕ್ಕದವರು ಹೇಳಿದರು. ಅಮ್ಮಿ ಮಾತ್ರ "ಸುಣ್ಣವನ್ನು ನಾನೇ ತರಿಸಿದ್ದು" ಎಂದು ಸಾಯುವವರೆಗೂ ತನ್ನನ್ನೇ ಹಳಿದುಕೊಂಡರು. ನೀರು ಹಾಕಬೇಕಾಗಿದ್ದವಳು ನಾನು ಎಂದು ನಾನು ಬಾಯಿ ಬಿಡಲಿಲ್ಲ. ತಮ್ಮನೂ ಹೇಳಲಿಲ್ಲ. ಅವನಿಗೆ ನೆನಪಿದೆಯೋ ಇಲ್ಲವೋ ಎಂದು ಕೇಳುವ ಧೈರ್ಯವೂ ನನಗೆ ಬರಲಿಲ್ಲ. ಅವನ ಮಗಳನ್ನು ಮನೆಯಲ್ಲಿಟ್ಟುಕೊಂಡು ಓದಿಸುತ್ತೇನೆ ಎಂದು ನಾನೇ ಮುಂದೆ ಬಂದುದಕ್ಕೆ ಕಾರಣ ಕೇವಲ ಪ್ರೀತಿಯೇ? ಸಾಲ ತೀರಿಸುವ ಆಸೆಯೂ ಇತ್ತು.

ಮರಳಿ ಕೋಣೆಗೆ ಬಂದು ಕುಳಿತೆ. "ಇನ್ನೊಂದು ಲೆಕ್ಕ ಮಾಡೋಣ. ಐದು ಕಿಲೋ ಸುಟ್ಟ ಸುಣ್ಣ, ಅದರ ಮೇಲೆ ಒಂದು ಲೀಟರ್ ನೀರು. ಏನಾಗುತ್ತದೆ?" ಎಂದೆ. ಅವಳು ಪ್ರಶ್ನೆ ಎಲ್ಲಿಂದ ಬಂತೆಂದು ಕೇಳದೆ ಪೆನ್ನು ಹಿಡಿದಳು.

ಐದು ಸಾವಿರವನ್ನು 56ರಿಂದ ಭಾಗಿಸಿದರೆ ಸುಮಾರು 89 ಮೋಲ್. ಅಷ್ಟೂ ಅರಳಲು ಬೇಕಾದ ನೀರು ಸುಮಾರು 1.6 ಲೀಟರ್. ಒಂದು ಲೀಟರ್ ಹಾಕಿದರೆ ನೀರೇ ಮೊದಲು ಮುಗಿಯುತ್ತದೆ, ಸುಣ್ಣ ಇನ್ನೂ ಉಳಿದಿರುತ್ತದೆ. ಸಮೋಸಾದ ಪಟ್ಟಿ ಇಪ್ಪತ್ತು, ಹೂರಣ ಮೂವತ್ತಕ್ಕಾಗುವಷ್ಟು ಇದ್ದರೆ ಸಮೋಸಾ ಇಪ್ಪತ್ತೇ ಆಗುವುದು. ಮೊದಲು ಮುಗಿಯುವ ವಸ್ತುವೇ ಲೆಕ್ಕವನ್ನು ನಿಲ್ಲಿಸುತ್ತದೆ. ಇಷ್ಟು ಅವಳ ಪುಸ್ತಕದ ಪಾಠ.

ಶಾಖದ ಲೆಕ್ಕ ಇನ್ನೂ ಭಯಂಕರವಾಗಿತ್ತು. ಐದು ಕಿಲೋ ಸುಣ್ಣ ಪೂರ್ತಿ ಅರಳಿದರೆ ಬರುವ ಶಾಖ ಸುಮಾರು 18 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದು. ಒಂದು ಬಕೆಟ್ ನೀರು! ಇಲ್ಲಿರುವುದು ಒಂದೇ ಚೊಂಬು. ಶಾಖವನ್ನು ಹೀರಿಕೊಳ್ಳಲು ಅಷ್ಟು ನೀರಿಗೆ ಶಕ್ತಿ ಎಲ್ಲಿದೆ? ಸುಣ್ಣಕ್ಕೆ ಸೇರದೆ ಉಳಿದ ನೀರು ಕ್ಷಣದಲ್ಲಿ ಹಬೆಯಾಗುತ್ತದೆ, ಹಬೆ ಸುಣ್ಣವನ್ನು ಎತ್ತಿ ಎಸೆಯುತ್ತದೆ.

"ಹಾಗಾದರೆ ಹೇಗೆ ಹಾಕಬೇಕಿತ್ತು?" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

"ಸುಣ್ಣದ ಮೇಲೆ ನೀರು ಹಾಕಬಾರದು ಫುಪ್ಪು. ಅಗಲವಾದ ತೊಟ್ಟಿಯಲ್ಲಿ ತುಂಬಾ ನೀರಿಟ್ಟುಕೊಂಡು ಸುಣ್ಣವನ್ನೇ ಸ್ವಲ್ಪ ಸ್ವಲ್ಪವಾಗಿ ಅದಕ್ಕೆ ಹಾಕಬೇಕು. ಆಗ ಶಾಖ ನೀರಿಗೆ ಹಂಚಿಹೋಗುತ್ತದೆ" ಎಂದಳು. ಆಮೇಲೆ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದಳು. "ಇದು ಅಬ್ಬಾನ ಕಣ್ಣಿನ ಲೆಕ್ಕವಾ?"

ನಾನು ತಲೆಯಾಡಿಸಿದೆ. ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ.

ಮುಂದಿನ ಭಾನುವಾರ ತಮ್ಮ ಮಗಳನ್ನು ನೋಡಲು ಬಂದ. ಅವಳೇ "ಅಬ್ಬಾ, ವಾಣಿವಿಲಾಸ ಸಾಗರಕ್ಕೆ ಹೋಗೋಣ" ಎಂದು ಹಟ ಹಿಡಿದಳು. ಹಿಂದಿನ ವರ್ಷ, 2022ರ ಸೆಪ್ಟೆಂಬರ್‌ನಲ್ಲಿ, ಆ ಜಲಾಶಯ 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದಿತ್ತು. ಎಂಬತ್ತೊಂಬತ್ತು ವರ್ಷಗಳ ಮೇಲೆ! ನಮ್ಮ ಬರಪೀಡಿತ ಜಿಲ್ಲೆಗೆ ಅದೊಂದು ಹಬ್ಬ. ನಾವು ಮೂವರೂ ಹಿರಿಯೂರಿನ ಬಸ್ಸು ಹತ್ತಿದೆವು.

ಹಿರಿಯೂರು ತಾಲೂಕಿನಲ್ಲಿ ವೇದಾವತಿ ನದಿಗೆ ಕಟ್ಟಿದ ಈ ಅಣೆಕಟ್ಟೆಯನ್ನು ನಮ್ಮ ಕಡೆಯವರು ಈಗಲೂ ಮಾರಿಕಣಿವೆ ಎಂದೇ ಕರೆಯುತ್ತಾರೆ. ಹೊಸದುರ್ಗದ ಕಡೆಗೂ ಇದರ ಹಿನ್ನೀರು ಚಾಚಿಕೊಂಡಿದೆ. ಮೈಸೂರು ಸಂಸ್ಥಾನದ ಕಾಲದಲ್ಲಿ ಕೆಲಸ ಶುರುವಾಗಿ 1907ರಲ್ಲಿ ಮುಗಿಯಿತು. ಆಗ ಮಹಾರಾಜರು ಚಿಕ್ಕವರಾದ್ದರಿಂದ 1902ರವರೆಗೆ ರಾಜ್ಯದ ಭಾರ ಹೊತ್ತಿದ್ದವರು ಅವರ ತಾಯಿ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ. ಗಂಡನನ್ನು ಕಳೆದುಕೊಂಡ ಒಬ್ಬ ಹೆಣ್ಣುಮಗಳು ರಾಜ್ಯಭಾರ ನಡೆಸಿದ ಕಾಲದಲ್ಲಿ ಆರಂಭವಾದ ಈ ಜಲಾಶಯಕ್ಕೆ ಅವರದೇ ಹೆಸರು.

ಎರಡು ಗುಡ್ಡಗಳ ನಡುವೆ ನಿಂತ ಕಲ್ಲಿನ ಗೋಡೆ, ಆಚೆ ತುಂಬಿದ ನೀರು. ತಮ್ಮ ಗೋಡೆಯ ಕಲ್ಲುಗಳ ಮೇಲೆ ಕೈಯಾಡಿಸಿದ. "ಆಪಾ, ಇದನ್ನು ಕಟ್ಟುವಾಗ ನಮ್ಮ ಈಗಿನ ಸಿಮೆಂಟು ಚೀಲ ಇರಲಿಲ್ಲ. ಎಲ್ಲ ಸುಣ್ಣದ ಗಾರೆ. ಅರೆದು ಅರೆದು ಹದ ಮಾಡಿದ್ದು. ನೂರು ವರ್ಷ ಆದರೂ ಹೇಗೆ ನಿಂತಿದೆ ನೋಡು" ಎಂದ. ಯಾವ ವಸ್ತು ಅವನ ಕಣ್ಣನ್ನು ತಿಂದಿತೋ ಅದೇ ವಸ್ತುವನ್ನು ಅವನು ಹೊಗಳುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಹೇಳಿಬಿಟ್ಟೆ. ಆ ದಿನ ಅಮ್ಮಿ ಹೇಳಿದ್ದು ನನಗೆ, ಕಾದಂಬರಿ ಬಿಡಲಾರದೆ ನಿನ್ನನ್ನು ಕಳಿಸಿದೆ ಎಂದೆ.

ಅವನು ಸ್ವಲ್ಪ ಹೊತ್ತು ನೀರನ್ನೇ ನೋಡುತ್ತಾ ನಿಂತ. ಆಮೇಲೆ, "ನನಗೆ ಗೊತ್ತಿತ್ತು ಆಪಾ" ಎಂದ. "ನೀನು ಹಾಕಿದ್ದರೂ ಅದೇ ಒಂದು ಚೊಂಬು ಹಾಕ್ತಿದ್ದೆ. ನಿನ್ನ ಕಣ್ಣು ಹೋಗ್ತಿತ್ತು. ಎಷ್ಟು ಸುಣ್ಣಕ್ಕೆ ಎಷ್ಟು ನೀರು ಅಂತ ನಮ್ಮ ಮನೇಲಿ ಯಾರಿಗೆ ಗೊತ್ತಿತ್ತು? ಅಬ್ಬಾಗೂ ಗೊತ್ತಿರಲಿಲ್ಲ. ಅದಕ್ಕೇ ಇವಳನ್ನು ಓದಿಸ್ತಿರೋದು."

ಅವನ ಮಾತಿನಿಂದ ನನ್ನ ಮನಸ್ಸು ಪೂರ್ತಿ ಹಗುರವಾಯಿತು ಎಂದರೆ ಸುಳ್ಳಾಗುತ್ತದೆ. ಕಣ್ಣು ಮರಳಿ ಬರುವುದಿಲ್ಲ. ಆದರೆ ಇಷ್ಟು ವರ್ಷ ನನ್ನೊಳಗೇ ಕೊಳೆಯುತ್ತಿದ್ದ ಮಾತು ಹೊರಗೆ ಬಂತು.

ನಮ್ಮ ಕಣ್ಣೀರು ನೋಡಿ ಹುಡುಗಿ ಮಾತು ಬದಲಿಸಿದಳು. "ಅಬ್ಬಾ, ಒಂದು ವಿಷಯ ಗೊತ್ತಾ? ಕಲ್ಲು ಸುಡುವಾಗ 44 ಗ್ರಾಂ ಅನಿಲ ಹಾರಿಹೋಗುತ್ತದೆ ಅಲ್ಲವಾ, ಗಾರೆ ಒಣಗುವಾಗ ಅದನ್ನು ಗಾಳಿಯಿಂದ ವಾಪಸ್ ಎಳೆದುಕೊಳ್ಳುತ್ತದೆ." ಅಲ್ಲಿಯೇ ಟಿಕೆಟ್ಟಿನ ಹಿಂಬದಿಯಲ್ಲಿ ಬರೆದು ತೋರಿಸಿದಳು. ಅರಳಿದ ಸುಣ್ಣ 74, ಗಾಳಿಯ ಇಂಗಾಲದ ಡೈ ಆಕ್ಸೈಡ್ 44, ಒಟ್ಟು 118. ಆಚೆ ಕಡೆ ಮತ್ತೆ ಸುಣ್ಣದ ಕಲ್ಲು 100, ಹೊರಹೋಗುವ ನೀರು 18, ಅದೂ 118. ಕಲ್ಲು ಸುಣ್ಣವಾಗಿ, ಸುಣ್ಣ ಗಾರೆಯಾಗಿ, ಗಾರೆ ಮತ್ತೆ ಕಲ್ಲಾಗುತ್ತದೆ. ನಾವು ಬಳಿದ ಸುಣ್ಣ ಗೋಡೆಯ ಮೇಲೆ ಗಟ್ಟಿಯಾಗುವುದೂ ಹೀಗೆಯೇ. "ಇಷ್ಟು ವರ್ಷ ಗಾರೆ ಒಣಗ್ತದೆ ಅಂತ ತಿಳಿದಿದ್ದೆ. ಅದು ಉಸಿರೆಳೀತದೆ ಅಂತ ಗೊತ್ತಿರಲಿಲ್ಲ" ಎಂದು ತಮ್ಮ ಬೆರಗಾದ.

ಸಿಮೆಂಟಿನ ವಿಷಯವೂ ಬಂತು. ಸಿಮೆಂಟಿಗೂ ಮೂಲ ಸುಣ್ಣದ ಕಲ್ಲೇ. ಕುಲುಮೆಯಿಂದ ಬರುವ 100 ಕಿಲೋ ಸಿಮೆಂಟ್ ಗಟ್ಟಿಯಲ್ಲಿ ಸುಮಾರು 65 ಕಿಲೋ ಸುಣ್ಣದ ಅಂಶ ಇದ್ದರೆ, ಅದಕ್ಕಾಗಿ ಕಲ್ಲಿನಿಂದಲೇ 51 ಕಿಲೋದಷ್ಟು ಇಂಗಾಲದ ಡೈ ಆಕ್ಸೈಡ್ ಗಾಳಿ ಸೇರಿರುತ್ತದೆ. ಉರಿಸಿದ ಕಲ್ಲಿದ್ದಲಿನ ಹೊಗೆ ಬೇರೆ. ಭೂಮಿ ಬಿಸಿಯಾಗುತ್ತಿರುವುದಕ್ಕೆ ಸಿಮೆಂಟೂ ಒಂದು ಕಾರಣ ಎಂದು ಪತ್ರಿಕೆಗಳಲ್ಲಿ ಬರೆಯುವುದು ಈ ಲೆಕ್ಕದ ಮೇಲೆಯೇ. ಒಂದು ಮನೆ ಕಟ್ಟುವಾಗ ಅನಗತ್ಯವಾಗಿ ಎರಡು ಚೀಲ ಸುರಿಯುವುದು ಬರೀ ದುಡ್ಡಿನ ದುಂದಲ್ಲ ಎಂದು ಅಂದು ನನಗೆ ಅರ್ಥವಾಯಿತು.

ಮುಂದಿನ ಪರೀಕ್ಷೆಯಲ್ಲಿ ಹುಡುಗಿ ಮೊದಲ ಸ್ಥಾನವೇನೂ ಪಡೆಯಲಿಲ್ಲ. ಆದರೆ ತೇರ್ಗಡೆಯಾದಳು, ಕಾಲೇಜು ಬಿಡುವ ಮಾತು ಮತ್ತೆ ಬರಲಿಲ್ಲ. ನಮ್ಮ ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯ 2022ರ ಪಠ್ಯಕ್ರಮದಲ್ಲಿ ಸಿವಿಲ್ ವಿಭಾಗದವರಿಗೆಂದೇ ಬೇರೆ ರಸಾಯನಶಾಸ್ತ್ರ ಇಟ್ಟಿದೆ. ಸಿಮೆಂಟು, ಉಕ್ಕು, ನೀರು ಇವೆಲ್ಲ ಅದರಲ್ಲಿ ಬರುತ್ತವೆ. ಒಂದು ದಿನ ಅವಳು ಪ್ರಯೋಗಶಾಲೆಯಿಂದ ಬಂದವಳೇ ನನ್ನ ಟೀ ಪಾತ್ರೆಯ ತಳದ ಬಿಳಿ ಹೊಪ್ಪಳೆಯನ್ನು ಉಗುರಿನಿಂದ ಕೆರೆದಳು. "ಇದೂ ಅದೇ ಸುಣ್ಣದ ಕಲ್ಲು ಫುಪ್ಪು. ಬೋರ್‌ವೆಲ್ ನೀರು ಗಡಸು ಎನ್ನುತ್ತೀರಲ್ಲ, ಆ ಗಡಸುತನವನ್ನು ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲೇ ಹೇಳೋದು. ಅದರ ತೂಕ ಸರಿಯಾಗಿ 100 ಇರೋದರಿಂದ ಲೆಕ್ಕ ಸುಲಭ" ಎಂದಳು. ಇಷ್ಟು ವರ್ಷ ಆ ಪಾತ್ರೆಯನ್ನು ಹುಣಸೆಹಣ್ಣಿನಿಂದ ತಿಕ್ಕುತ್ತಿದ್ದೆ. ಹುಳಿಗೆ ಸುಣ್ಣ ಕರಗುತ್ತದೆ ಎಂಬ ರಸಾಯನಶಾಸ್ತ್ರ ನನ್ನ ಕೈಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ರಜೆಯಲ್ಲಿ ಹೊಳಲ್ಕೆರೆಗೆ ಹೋದಾಗ ಅವಳು ತಂದೆಯ ಕೆಲಸದ ಜಾಗಕ್ಕೂ ಹೋದಳಂತೆ. ಅಲ್ಲಿ ಕಾಂಕ್ರೀಟ್ ಕಲಸುವವರು ಪೈಪು ಹಿಡಿದು ಅಂದಾಜಿನ ಮೇಲೆ ನೀರು ಬಿಡುತ್ತಿದ್ದರು. ನೀರು ಹೆಚ್ಚಾದರೆ ಕಲಸುವುದು ಸುಲಭ, ಬುಟ್ಟಿಯಿಂದ ಸರಾಗವಾಗಿ ಇಳಿಯುತ್ತದೆ. ಆದರೆ ಸಿಮೆಂಟು ತನಗೆ ಬೇಕಾದಷ್ಟು ನೀರನ್ನು ಮಾತ್ರ ತೆಗೆದುಕೊಳ್ಳುತ್ತದೆ. ಹೆಚ್ಚಾದ ನೀರು ಆಮೇಲೆ ಆರಿಹೋಗಿ ಒಳಗೆ ಸಣ್ಣ ಸಣ್ಣ ತೂತು ಬಿಟ್ಟು ಹೋಗುತ್ತದೆ. ಆ ಕಾಂಕ್ರೀಟು ಬಲಹೀನ. "50 ಕಿಲೋ ಚೀಲಕ್ಕೆ 25 ಲೀಟರ್ ಆಸುಪಾಸು ಸಾಕು ಅಬ್ಬಾ, ಮರಳು ಒದ್ದೆ ಇದ್ದರೆ ಇನ್ನೂ ಕಡಿಮೆ" ಎಂದಳಂತೆ. ಕೆಲಸದವರು ನಕ್ಕರಂತೆ. ತಮ್ಮ ನಗಲಿಲ್ಲ. ಅಂದಿನಿಂದ ಅವನ ಕೆಲಸದಲ್ಲಿ ನೀರು ಪೈಪಿನಿಂದ ನೇರವಾಗಿ ಬೀಳುವುದಿಲ್ಲ. ಗೆರೆ ಹಾಕಿದ ಒಂದು ಬಕೆಟ್ ಇಟ್ಟಿದ್ದಾನೆ. ಅಳೆದೇ ಹಾಕುತ್ತಾರೆ. ಬಿಗಿಯಾದ ಮೇಲೆ ಒಣಗಲು ಬಿಡದೆ ದಿನವೂ ನೀರುಣಿಸುವುದು ಬೇರೆ ವಿಷಯ, ಅದನ್ನು ಕಡಿಮೆ ಮಾಡಬಾರದು ಎಂದೂ ಅವಳು ಹೇಳಿಕೊಟ್ಟಳು.

ಸಹೋದರಿಯರೇ, ಇದನ್ನೆಲ್ಲ ನಾನು ಬರೆದದ್ದು ನೀವೂ ಮೋಲ್ ಲೆಕ್ಕ ಕಲಿಯಿರಿ ಎನ್ನಲು ಅಲ್ಲ. ಆದರೆ ಕೆಲವು ಮಾತುಗಳನ್ನು ನೆನಪಿಡಿ. ಹಬ್ಬಕ್ಕೋ ಮದುವೆಗೋ ಮನೆಗೆ ಸುಟ್ಟ ಸುಣ್ಣ ತಂದರೆ ಮಕ್ಕಳನ್ನು ಹತ್ತಿರ ಬಿಡಬೇಡಿ. ಅಗಲವಾದ ಪಾತ್ರೆಯಲ್ಲಿ ಧಾರಾಳ ನೀರಿಟ್ಟು ಸುಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ಅದಕ್ಕೆ ಹಾಕಿ, ಉದ್ದ ಕೋಲಿನಿಂದ ಕಲಕಿ, ಮುಖ ದೂರವಿರಲಿ. ಎಲೆ ಅಡಿಕೆ ಹಾಕುವ ಹಿರಿಯರ ಸುಣ್ಣದ ಡಬ್ಬಿ, ಪೊಟ್ಟಣಗಳೂ ಮಕ್ಕಳ ಕೈಗೆ ಸಿಗಬಾರದು. ಆಡುತ್ತಾ ಹಿಸುಕಿ ಕಣ್ಣಿಗೆ ಚಿಮ್ಮಿಸಿಕೊಂಡ ಮಕ್ಕಳು ನಮ್ಮ ದೇಶದಲ್ಲಿ ಕಡಿಮೆಯಲ್ಲ. ಒಂದು ವೇಳೆ ಕಣ್ಣಿಗೆ ಸುಣ್ಣ ಬಿದ್ದರೆ ತುಪ್ಪ, ಎಣ್ಣೆ, ಹಾಲು ಏನೂ ಬೇಡ. ಮೈಮೇಲೆ ಬಿದ್ದ ಒಣ ಸುಣ್ಣವನ್ನು ಮೊದಲು ಕೊಡವಿ. ಕಣ್ಣು ತೆರೆದು ಹಿಡಿದು ಶುದ್ಧ ನೀರನ್ನು ಕಡಿಮೆಯೆಂದರೂ ಇಪ್ಪತ್ತು ನಿಮಿಷ ಬಿಡದೆ ಹರಿಸಿ, ಕೂಡಲೇ ಕಣ್ಣಿನ ವೈದ್ಯರ ಬಳಿಗೆ ಓಡಿ. ನೀರು ಮುಟ್ಟಿಸಬೇಡಿ ಎಂಬ ಹಿರಿಯರ ಮಾತು ತಪ್ಪು. ಹರಿಯುವ ಧಾರಾಳ ನೀರು ಸುಣ್ಣವನ್ನೂ ಶಾಖವನ್ನೂ ತೊಳೆದು ಒಯ್ಯುತ್ತದೆ. ಸುಣ್ಣ ಕಣ್ಣಿನಲ್ಲಿ ಉಳಿದಷ್ಟು ಹೊತ್ತೂ ಒಳಕ್ಕಿಳಿಯುತ್ತಾ ಹೋಗುತ್ತದೆ. ನಮ್ಮ ಮನೆಯಲ್ಲಿ ಆ ಎರಡು ಗಂಟೆ ಕಳೆಯದೆ ಇದ್ದಿದ್ದರೆ ಎಂದು ನಾನು ಈಗಲೂ ಯೋಚಿಸುತ್ತೇನೆ.

ಇನ್ನೊಂದು ಮಾತು. ನಿಮ್ಮ ಮನೆಯ ಹುಡುಗಿ ಉತ್ತರ ಪತ್ರಿಕೆ ಮುಂದಿಟ್ಟುಕೊಂಡು ಅಳುತ್ತಾ ಕುಳಿತಿದ್ದರೆ "ನಿನಗ್ಯಾಕೆ ಈ ಓದು" ಎನ್ನುವ ಮೊದಲು ಅವಳ ಪಕ್ಕ ಕುಳಿತುಕೊಳ್ಳಿ. ನಿಮಗೆ ವಿಷಯ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. "ನನಗೆ ಕನ್ನಡದಲ್ಲಿ ಹೇಳು" ಎನ್ನಿ. ಹೇಳುತ್ತಾ ಹೇಳುತ್ತಾ ಅವಳಿಗೇ ತಿಳಿಯುತ್ತದೆ.

ತಮ್ಮನ ಮಗಳು ಆ ರಾತ್ರಿ ಲೆಕ್ಕ ಮಾಡಿದ ಹಾಳೆಯನ್ನು ನಾನು ಎತ್ತಿಟ್ಟುಕೊಂಡಿದ್ದೇನೆ. ಐದು ಕಿಲೋ ಸುಣ್ಣ, ಒಂದು ಲೀಟರ್ ನೀರು. ಅಮ್ಮಿ ಬದುಕಿದ್ದರೆ ಅದನ್ನು ಅವರಿಗೆ ಓದಿ ಹೇಳುತ್ತಿದ್ದೆ. ನಝರ್ ಅಲ್ಲ ಅಮ್ಮಿ, ನಿಮ್ಮ ತಪ್ಪೂ ಅಲ್ಲ, ನಮಗೆ ಲೆಕ್ಕ ಗೊತ್ತಿರಲಿಲ್ಲ ಎನ್ನುತ್ತಿದ್ದೆ.